ಭಟ್ಟರ ಬೈಕಿಗೆ ಎತ್ತರದ ಹ್ಯಾಂಡಲ್

ಪಂಚೆ ಉಟ್ಟು, ಶಲ್ಯ ಹೊದ್ದು, ತಲೆಗೆ ಹೆಲ್ಮೆಟ್ ಹಾಕಿ ಬೈಕಿನಲ್ಲಿ ಹೋಗುವ ಪುರೋಹಿತರನ್ನು ನೀವು ಡೊಂಬಿವಲಿ ಕಡೆ ಕಂಡಿದ್ದರೆ ಅವರೇ ನಮ್ಮ ಯಜಮಾನರು, ಪುಂಡರೀಕಾಕ್ಷ ಭಟ್ಟರು. ನಾನು ಶ್ರೀಮತಿ. ಉಡುಪಿ ಕಡೆಯ ಉಳಿದವರು ಇಲ್ಲಿಗೆ ಹೋಟೆಲ್ ಇಡಲು ಬಂದರೆ, ಇವರು ಆ ಹೋಟೆಲುಗಳ ಗಣಹೋಮ ಮಾಡಿಸಲು ಬಂದವರು. ಬಂದವರು ಇಲ್ಲೇ ಉಳಿದರು.

ಕಲ್ಯಾಣ, ಅಂಬರನಾಥ, ಕೋಪರಖೈರಣೆ, ಎಲ್ಲಿಂದ ಕರೆ ಬಂದರೂ ಇವರು ಹೊರಟರು. ಅಂಬರನಾಥದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಜನ ಬಹಳ ಇದ್ದಾರೆ, ಒಂದೊಂದೇ ಕೋಣೆಯ ಮನೆಗಳು. ಅಲ್ಲಿಗೆ ಹೋಗಬೇಕಾದರೆ ಬೇರೆ ಭಟ್ಟರು ಕಾರು ಕಳಿಸಿ ಎನ್ನುತ್ತಾರೆ. ಇವರು ತಾಮ್ರದ ಹೋಮಕುಂಡವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟಿಕೊಂಡು ಹೋಗಿ, ಪೂಜೆ ಮುಗಿಸಿ, ಅವರು ಕೊಟ್ಟ ಬಾಳೆಹಣ್ಣು ಹಿಡಿದುಕೊಂಡು ನಗುತ್ತಾ ಬರುತ್ತಾರೆ. ಒಬ್ಬರು ಗದರಿಸಿ ಕೇಳುವವರು ಬೇಡವೇ ಮನೆಯಲ್ಲಿ? ಆ ಕೆಲಸ ನನ್ನದು.

ಹೋದ ವರ್ಷ ಇವರಿಗೆ ಸೊಂಟ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಬೆನ್ನಿನ ಡಿಸ್ಕ್ ಜಾರಿದೆ, ಇನ್ನು ಬೈಕ್ ಮೇಲೆ ಬಗ್ಗಿ ಕೂರುವುದು ಸಾಕು ಎಂದರು ಡಾಕ್ಟರು. ಸ್ಕೂಟರ್ ಪ್ರಯತ್ನಿಸಿದ್ದಾಯಿತು. ಅದರ ಸಣ್ಣ ಚಕ್ರ ರಸ್ತೆಯ ಹೊಂಡಕ್ಕೆ ಇಳಿದಾಗಲೆಲ್ಲ ಇವರ ಪ್ರಾಣ ಬಾಯಿಗೆ ಬರುತ್ತಿತ್ತು. ಲೋಕಲ್ ಟ್ರೇನಿನ ಗರ್ದಿಯಲ್ಲಿ ಹೋಮಕುಂಡ ಹಿಡಿದು ನಿಲ್ಲುವುದಂತೂ ಆಗದ ಮಾತು. ಮಗಳು ಸುಮೇಧಾ ಇಲ್ಲೇ ಹುಟ್ಟಿದವಳು, ಅವಳು ಮರಾಠಿಯಲ್ಲೇ, "ಅಪ್ಪಾ, ಗಾಡಿ ವಿಕೂನ್ ಟಾಕ್ ನಾ" ಎಂದಳು. ಮಾರಿಬಿಡಿ ಎಂದು ನಾನೂ ದನಿಗೂಡಿಸಿದೆ. ಬೈಕ್ ಹೋದರೆ ಓಡಾಟ ಹೋಯಿತು, ಓಡಾಟ ಹೋದರೆ ಈ ಮನುಷ್ಯ ಮೂಲೆಗೆ ಕೂತಂತೆ ಎಂದು ನನಗೆ ಗೊತ್ತಿತ್ತು. ಆದರೂ ಹೆದರಿಕೆಗೆ ಹಾಗೆ ಹೇಳಿದೆ.

ದಾರಿ ತೋರಿಸಿದವಳು ಯಾಮಿನಿ, ಇವರಿಗೆ ಬೆನ್ನಿನ ವ್ಯಾಯಾಮ ಹೇಳಿಕೊಡುವ ಮೈಸೂರಿನ ಹುಡುಗಿ. "ನೆಟ್ಟಗೆ ಕೂತು ಓಡ್ಸೋ ಹಾಗಿದ್ರೆ ಏನೂ ತೊಂದ್ರೆ ಇಲ್ಲ ಸರ್. ಹ್ಯಾಂಡಲ್ ಸ್ವಲ್ಪ ಮೇಲಕ್ಕೆ ಬರ್ಬೇಕು ಅಷ್ಟೆ" ಎಂದಳು.

ಇವರು ನೇರ ಜಯೇಶನ ಗ್ಯಾರೇಜಿಗೆ ಹೋದರು. ಅವನ ಅಂಗಡಿಯ ಆಯುಧಪೂಜೆಯನ್ನು ಪ್ರತಿವರ್ಷ ಮಾಡಿಸುವವರು ಇವರೇ. ಎತ್ತರದ ಹ್ಯಾಂಡಲ್ ಹಾಕಿದರೆ ಕ್ಲಚ್, ಬ್ರೇಕ್, ಎಕ್ಸಿಲರೇಟರ್ ವೈರುಗಳೂ ಉದ್ದದವು ಬೇಕು, ತರಿಸುತ್ತೇನೆ ಎಂದ ಅವನು. ಇವರು ಸುಮ್ಮನೆ ಒಪ್ಪಿ ಬರಬೇಕೋ ಬೇಡವೋ? ಪಂಚಾಂಗ ನೋಡಿ ಶುಕ್ರವಾರ ಬೆಳಿಗ್ಗೆಗೆ ವಾಹನಪೂಜೆಯ ಮುಹೂರ್ತ ಇಟ್ಟುಬಿಟ್ಟರು.

ಶುಕ್ರವಾರ ಬಂತು, ವೈರುಗಳು ಬರಲಿಲ್ಲ. ಗುರುಜಿ ಇಟ್ಟ ಮುಹೂರ್ತ ತನ್ನಿಂದ ತಪ್ಪಿಹೋಗುತ್ತದಲ್ಲ ಎಂದು ಜಯೇಶನಿಗೆ ಕೈಕಾಲು ಆಡಲಿಲ್ಲ. "ಅಭೀ ಪುರಾನಾ ವೈರ್ ಚಲೇಗಾ ಗುರುಜೀ" ಎಂದು ಹಳೆಯವನ್ನೇ ಜಗ್ಗಿ ಸಿಕ್ಕಿಸಿ, ಹೊತ್ತಿಗೆ ಸರಿಯಾಗಿ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳಕ್ಕೆ ತಂದು ನಿಲ್ಲಿಸಿದ. ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಲು ನೇರ ಹೋದರೆ ಸಾಕಲ್ಲ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ ನೋಡಬೇಕೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಗೇಟಿನ ಹತ್ತಿರ ಇವರು ಬಲಕ್ಕೆ ತಿರುಗಿಸಿದರು. ಬಿಗಿಯಾಗಿದ್ದ ಎಕ್ಸಿಲರೇಟರ್ ವೈರು ಇನ್ನಷ್ಟು ಜಗ್ಗಿ, ಇವರು ಹಿಡಿಕೆ ತಿರುವದೆಯೇ ಎಂಜಿನ್ ಅರಚಿತು. ಗಾಡಿ ಹಾರಿ ಹೋಗಿ ವಾಚ್‌ಮನ್ ಮಾಪಣ್ಣನ ಕುರ್ಚಿಯನ್ನು ಮುರಿದು ಗೋಡೆಗೆ ಗುದ್ದಿ ಬಿತ್ತು. ಮಾಪಣ್ಣ ಕಲಬುರಗಿಯವನು, ಓಡಿಬಂದು ಇವರನ್ನು ಎತ್ತಿ ಕೂರಿಸಿದ. "ನಾ ನೀರ ಕುಡ್ಯಾಕಂತ ಎದ್ದಿದ್ದಕ್ಕ ಉಳದೀನ್ರಿ ಭಟ್ರ. ಗಾಡಿಗಿ ಏನ ಹೊಕ್ಕೈತ್ರೀ ಇದು?" ಎಂದ.

ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ನನಗೆ ಮಾತ್ರ ಪಿತ್ತ ನೆತ್ತಿಗೇರಿ, ಜಯೇಶನಿಗೆ ಬಾಯಿಗೆ ಬಂದಂತೆ ಬೈದೆ. ಹಿಂದಿಯಲ್ಲಿ ಸಾಲದೆ ತುಳುವಿನಲ್ಲೂ ಬೈದೆ. ಅವನು ತಲೆ ತಗ್ಗಿಸಿ ನಿಂತಿದ್ದ.

"ಅವನಿಗೆ ಎಂತಕ್ಕೆ ಬಯ್ಯುವುದು? ಗಡಿಬಿಡಿ ಮಾಡಿಸಿದ್ದು ನನ್ನ ಮುಹೂರ್ತ" ಎಂದರು ಇವರು.

ಅಲ್ಲಿಂದ ಮೇಲೆ ಇವರು ಗಾಡಿಯನ್ನು ಮುಟ್ಟಲಿಲ್ಲ. ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುವುದು, ಒಳಗೆ ಬಂದು ಮಲಗುವುದು, ಇಷ್ಟೆ. ಕೀಲಿಕೈ ಎತ್ತಿಕೊಂಡರೂ ಮತ್ತೆ ಮೊಳೆಗೇ ತೂಗುಹಾಕುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಅಂಬರನಾಥದಿಂದ ಯೋಗೀಶ ಎಂಬವನು ಮಗಳ ನಾಮಕರಣಕ್ಕೆ ಫೋನ್ ಮಾಡಿದ. "ಸೊಂಟ ಸರಿ ಇಲ್ಲ ಮಾರಾಯಾ, ಬೇರೆ ಯಾರನ್ನಾದರೂ ನೋಡು" ಎಂದರು ಇವರು. "ಇಲ್ಲ ಭಟ್ರೆ, ನೀವು ಬಂದ ಮೇಲೆಯೇ ಹೆಸರಿಡುವುದು. ಅಲ್ಲಿವರೆಗೆ ಪಾಪು ಅಂತಲೇ ಕರಿತೇವೆ" ಎಂದ ಅವನು. ಫೋನ್ ಇಟ್ಟು ಇವರು ಕಣ್ಣೊರೆಸಿಕೊಂಡರು.

ಉದ್ದದ ವೈರುಗಳು ಬಂದಾಗ ಜಯೇಶ ಹೆದರುತ್ತಲೇ ಮನೆಗೆ ಬಂದು, ಒಂದು ಪೈಸೆ ಬೇಡ, ನಾನೇ ಸರಿಮಾಡಿ ಕೊಡುತ್ತೇನೆ ಎಂದ. ಇವರು ಒಪ್ಪಲಿಲ್ಲ. "ಪ್ರತಿಯೊಂದು ಬೋಲ್ಟೂ ನನ್ನ ಕೈಯಲ್ಲೇ ಬಿಗಿಯಾಗಬೇಕು. ಇಲ್ಲದಿದ್ದರೆ ನನಗೆ ಇನ್ನು ಅದರ ಮೇಲೆ ಕೂರುವ ಧೈರ್ಯ ಬರಲಿಕ್ಕಿಲ್ಲ" ಎಂದು ನನಗೆ ಹೇಳಿ, ಅವನಿಗೆ ಹಿಂದಿಯಲ್ಲಿ ವಿವರಿಸಿದರು: ಪೂಜೆಯಲ್ಲಿ ಭಟ್ಟರು ಬಾಯಲ್ಲಿ ಹೇಳುತ್ತಾರೆ, ಮನೆಯ ಯಜಮಾನ ಕೈಯಲ್ಲಿ ಮಾಡುತ್ತಾನೆ. ಹಾಗೆಯೇ ನೀನು ಹೇಳು, ನಾನು ಮಾಡುತ್ತೇನೆ. ನೀನು ಕೈ ಹಾಕಬಾರದು. ಜಯೇಶ ಬಾಯಿ ತೆರೆದುಕೊಂಡು ನನ್ನ ಕಡೆ ನೋಡಿದ.

"ಈಗ ರಾಹುಕಾಲ ಮಾರಾಯ್ರೆ" ಎಂದೆ.

"ಬಿಚ್ಚಲಿಕ್ಕೆ ರಾಹುಕಾಲ ಆಗ್ತದೆ" ಎಂದು ಪಾರ್ಕಿಂಗಿನಲ್ಲಿ ಮಣೆ ಹಾಕಿ ಕೂತೇಬಿಟ್ಟರು.

ನಾನು ಕಂಡದ್ದನ್ನು ಹೇಗೆ ಹೇಳಲಿ? ಜೀವಮಾನವೆಲ್ಲ ಮಂದಿಗೆ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳಿಕೊಂಡು ಬಂದ ಮನುಷ್ಯ ಆವತ್ತು ಬೋಲ್ಟು ಬಿಚ್ಚುವ ಪಾನಾ ಹಿಡಿದು, ಹೇಳಿದಷ್ಟನ್ನೇ ಮಾಡುತ್ತಾ ಕೂತಿದ್ದರು. ಬಿಚ್ಚಿದ್ದನ್ನೆಲ್ಲ ಪೂಜಾಸಾಮಗ್ರಿಯ ಹಾಗೆ ಬಾಳೆಎಲೆಯ ಮೇಲೆ ವರಸೆಯಾಗಿ ಇಟ್ಟರು: ಕನ್ನಡಿ, ಸ್ವಿಚ್ಚು, ಹಿಡಿಕೆ, ಬೋಲ್ಟುಗಳು. ನೋವು ಬಂದರೆ ಅಲ್ಲೇ ಚಾಪೆಯ ಮೇಲೆ ಅಂಗಾತ ಮಲಗುವುದು, ಕಣ್ಣು ಮುಚ್ಚುವುದು, ಮತ್ತೆ ಎದ್ದು ಕೂರುವುದು. ಒಂದು ವೈರು ಸೇರದೆ ಇದ್ದಾಗ ಜಯೇಶನ ಕೈ ತಾನಾಗಿ ಮುಂದೆ ಬಂತು. ಇವರು ಕಣ್ಣಲ್ಲೇ ತಡೆದರು. ತಪ್ಪಾದರೆ ಬಿಚ್ಚಿ ಮತ್ತೆ ಮೊದಲಿಂದ. ಮಾಪಣ್ಣ ಗೇಟು ಬಿಟ್ಟು ಬಂದು ನೋಡುತ್ತಾ ನಿಂತ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯನೊಳಗೆ ಇಷ್ಟು ಹಟ, ಇಷ್ಟು ತಾಳ್ಮೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನಗೆ ಇವರ ಪಾದ ಮುಟ್ಟಬೇಕೆನಿಸಿತು, ನಾಚಿಕೆಯಾಗಿ ಕಾಫಿ ತರಲು ಹೋದೆ.

ಸಂಜೆಯ ಹೊತ್ತಿಗೆ ಹ್ಯಾಂಡಲ್ ಕೂತಿತು. ಇವರು ಎಂಜಿನ್ ಶುರುಮಾಡಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು, ಪೂರ್ತಿ ಬಲಕ್ಕೆ ತಿರುಗಿಸಿದರು. ನಾವೆಲ್ಲ ಕಿವಿಗೊಟ್ಟೆವು. ಶಬ್ದ ಒಂದಿಷ್ಟೂ ಏರಲಿಲ್ಲ. "ಹೋ ಗಯಾ ಗುರುಜೀ" ಎಂದ ಜಯೇಶ.

ಮರುದಿನ ಬೆಳಿಗ್ಗೆ ಹೋಮಕುಂಡ ಟ್ಯಾಂಕಿನ ಮೇಲೆ ಕೂತಿತು. ನಾನು ಬಾಗಿಲಲ್ಲೇ ನಿಂತಿದ್ದೆ. "ಹತ್ತು. ನೀನೂ ಬಾ" ಎಂದರು.

"ಎಲ್ಲಿಗೆ?"

"ಅಂಬರನಾಥಕ್ಕೆ. ಪಾಪು ಕಾಯ್ತಾ ಉಂಟು."

ಇವರ ಹೆಗಲು ಹಿಡಿದು ಹಿಂದೆ ಕೂತೆ. ಗೇಟಿನ ಹತ್ತಿರ ಗಾಡಿ ಬಲಕ್ಕೆ ತಿರುಗಿತು, ನಾನು ಕಣ್ಣು ಮುಚ್ಚಿಕೊಂಡೆ, ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ಬರೀ ಬಿಳಿ ಶಲ್ಯ. ಮೊದಲೆಲ್ಲ ಇವರು ಬಗ್ಗಿ ಕೂತಿರುತ್ತಿದ್ದರಿಂದ ಇವರ ತಲೆಯ ಮೇಲಿನಿಂದ ನನಗೆ ರಸ್ತೆಯೆಲ್ಲ ಕಾಣುತ್ತಿತ್ತು. ಹೊಂಡ ಇದೆ, ಬಸ್ಸು ಬಂತು ಎಂದು ನಾನು ಹಿಂದಿನಿಂದ ಕೂಗುತ್ತಾ ಇರುತ್ತಿದ್ದೆ. ಆವತ್ತು ಇವರು ಮದುವೆಯಾದ ಹೊಸತರಲ್ಲಿ ಕೂರುತ್ತಿದ್ದ ಹಾಗೆ ನೆಟ್ಟಗೆ ಕೂತಿದ್ದರು. ಅಂಬರನಾಥದವರೆಗೆ ನನಗೆ ರಸ್ತೆ ಕಾಣಲೇ ಇಲ್ಲ. ನಾನು ಒಂದು ಮಾತೂ ಆಡಲಿಲ್ಲ.