ಚಿಮಣಿಗೆ ಒರಗಿದ ಬೆನ್ನು

ಇವತ್ತು ಮುಂಜಾನೆ ಸೊಸೆ ನನ್ನ ಕನ್ನಡಕದ ಡಬ್ಬಿಯನ್ನು ತಂದು ಮುಂದಿಟ್ಟಳು. ಒದ್ದೆಯಾಗಿತ್ತು, ಹಸಿ ಮಣ್ಣಿನ ವಾಸನೆ ಹೊಡೆಯುತ್ತಿತ್ತು. "ಮಾಳಗಿ ಮ್ಯಾಲ ಇತ್ತರಿ ಅತ್ಯಾ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಅಲ್ಲಿ ಒಲೆಯ ಮೇಲೆ ಟಪ್ ಟಪ್ ಎಂದು ಸೋರುತ್ತಿದೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಸುಮ್ಮನಿದ್ದದ್ದೇ ಚುಚ್ಚಿತು. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಬಹಳ ಹಿಂದಕ್ಕೆ ಬರಬೇಕು.

ಅಕ್ಕಲಕೋಟೆ ಕಡೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ನಮ್ಮ ಭಾವ ಸೊಲ್ಲಾಪುರದ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಊರ ಮನೆಗಳ ಹೊಗೆ ಮನಸ್ಸಾದರೆ ಬೆಳಕಿಂಡಿಯಿಂದ ಹೋಗುತ್ತಿತ್ತು, ಇಲ್ಲವಾದರೆ ಒಳಗೇ ಸಂಸಾರ ಮಾಡುತ್ತಿತ್ತು. ಭಾವ ಒಮ್ಮೆ ರಜೆಗೆ ಬಂದವರು ಮಣ್ಣಿನ ಮಾಳಿಗೆ ಕೊರೆಸಿ, ಒಲೆಯ ನೆತ್ತಿಗೆ ಇಟ್ಟಿಗೆಯ ಚಿಮಣಿ ಕಟ್ಟಿಸಿದರು. ಕೇಳಿದವರಿಗೆಲ್ಲ, "ಸೊಲ್ಲಾಪುರದಾಗ ಹಿಂಗ ಇರತಾವ," ಎನ್ನುತ್ತಿದ್ದರು.

ನಿಜ ಬೇರೆ ಇತ್ತು. ನನ್ನ ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ, ಹೊಗೆಯಿಂದ ಕಣ್ಣು ಕೆಟ್ಟಿದ್ದವು. ಸಂಜೆಯಾದರೆ ಹೊಸ್ತಿಲು ಕಾಣದೆ ಎಡವುತ್ತಿದ್ದಳು. ಹೆಂಡತಿಗಾಗಿ ಕಟ್ಟಿಸಿದೆ ಎಂದು ತಾಯಿಯ ಮುಂದೆ ಹೇಳುವ ಎದೆ ಆಗ ಯಾವ ಗಂಡಸಿಗಿತ್ತು? ಅದಕ್ಕೇ ಪಾಪ ಸೊಲ್ಲಾಪುರದ ಮೇಲೆ ಹಾಕುತ್ತಿದ್ದರು.

ಅತ್ತೆಗೆ ಮಾತ್ರ ಚಿಮಣಿ ಕಂಡರಾಗದು. ಅದು ಸೋರುತ್ತಲೂ ಇತ್ತು ಅನ್ನಿ. ಇಟ್ಟಿಗೆಯೂ ಮಣ್ಣೂ ಕೂಡುವ ಕಡೆಯಿಂದ ನೀರು ಇಳಿದು ನೇರ ರೊಟ್ಟಿಯ ಹಂಚಿಗೆ ಬೀಳುತ್ತಿತ್ತು. ಭಾವ ಸುಣ್ಣಕ್ಕೆ ಬೆಲ್ಲ ಕಲಸಿ ಮೆತ್ತಿದರು, ಗಿರಣಿಯಿಂದ ಡಾಂಬರು ತಂದು ಬಳಿದರು. ಮಿರಗದ, ಅಂದರೆ ಮೃಗಶಿರದ, ಮಳೆಗೆ ಮುಂಚೆ ಎಲ್ಲರ ಮಾಳಿಗೆಗೂ ಸವಳು ಮಣ್ಣು ಹಾಕಿ ಬಡಿಯುವ ಪದ್ಧತಿ. ನಾವು ಚಿಮಣಿಯ ಸುತ್ತ ಎರಡು ಬುಟ್ಟಿ ಹೆಚ್ಚೇ ಹಾಕಿ ಇಳಿಜಾರು ಮಾಡುತ್ತಿದ್ದೆವು. "ಹಸಿ ಮಣ್ಣಾಗ ಯಾರೂ ಕಾಲಿಡಬ್ಯಾಡ್ರಿ," ಎಂದು ಅತ್ತೆ ಕಟ್ಟಪ್ಪಣೆ ಮಾಡುತ್ತಿದ್ದರು. ಬೆಕ್ಕು ಹತ್ತಿದರೂ ಕೋಲು ಹಿಡಿಯುತ್ತಿದ್ದರು. ಆದರೂ ಸೋರುತ್ತಿತ್ತು.

ಕೊನೆಗೆ ಒಂದು ವರ್ಷ ಅತ್ತೆಯ ತೀರ್ಪು ಬಂತು. "ಈ ಮಿರಗದಾಗ ಸೋರಿತಂದ್ರ ಕೆಡವಿಬಿಡೋದು. ಬಸ್ ಝಾಲ, ಸಾಕಾತು!" ನೆಗೆಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಹೊಗೆಗೆ ಅಲ್ಲವೆಂದು ನನಗೆ ಗೊತ್ತಾಯಿತು.

ಸೋರಿತು. ಭಾವ ಹಾರೆ ಹಿಡಿದು ಮಾಳಿಗೆ ಹತ್ತಿದರು, ಇಟ್ಟಿಗೆ ಹೊರಲು ನಾನು ಬುಟ್ಟಿ ಹಿಡಿದು ಹಿಂದೆ ಹೋದೆ. ಚಿಮಣಿಯ ಬುಡಕ್ಕೆ, ಒಂದೇ ಮಗ್ಗುಲಲ್ಲಿ, ಅಗಲವಾದ ಗುಂಡನೆಯ ತಗ್ಗು. ತಗ್ಗಿನ ತುಂಬ ನೀರು. ನೀರಲ್ಲಿ ಅತ್ತೆಯ ಎಲೆ-ಅಡಿಕೆ ಸಂಚಿ.

ಅತ್ತೆ ದಿನಾ ಸಂಜೆ ಜಪಕ್ಕೆಂದು ಮೇಲೆ ಹೋಗುತ್ತಿದ್ದರು. ಅವರಿಗೆ ಸೊಂಟನೋವು, ಚಿಮಣಿಯ ಇಟ್ಟಿಗೆ ಬೆಚ್ಚಗೆ. ಕೆಳಗೆ ಬೈದ ಚಿಮಣಿಗೇ ಮೇಲೆ ಬೆನ್ನು ಕೊಟ್ಟು, ಹಸಿ ಮಣ್ಣಲ್ಲಿ ಆಸನ ಊರಿ ಕೂಡುತ್ತಿದ್ದರು. ಭಾವನ ಮುಖ ನೋಡಬಾರದೆಂಬ ಕಟ್ಟಳೆ ಮರೆತು ನೋಡಿದೆ. ಅವರು ಮೀಸೆಯಲ್ಲೇ ನಗುತ್ತಿದ್ದರು.

ಕೆಳಗಿಳಿದು ಹಾರೆಯನ್ನು ಮೂಲೆಗಿಟ್ಟು, ಸಂಚಿಯನ್ನು ತಾಯಿಯ ಮುಂದಿಟ್ಟರು. ಅತ್ತೆ ಸಂಚಿ ಹಿಂಡಿದರು, ಅತ್ತಿತ್ತ ನೋಡಿದರು.

"ಇದ್ದರ ಇರಲಿ ನಿನ್ನ ಚಿಮಣಿ. ಬುಡಕ್ಕೊಂದು ಫರಸಿಕಲ್ಲು ಹಾಕ್ಸು, ನೀರು ನಿಂದ್ರಂಗಿಲ್ಲ."

ಭಾವ ಹಾಕಿಸಿದರು, ಚಿಮಣಿಯಿಂದ ಆಚೆಗೆ ಇಳಿಜಾರಾಗಿ. ಸೋರುವುದು ನಿಂತಿತು. ಅತ್ತೆ ಮಾತ್ರ ಬದುಕಿದ್ದಷ್ಟು ದಿನ ಆ ಕಲ್ಲಿನ ಮೇಲೆ ಜಾರುತ್ತ, ಮತ್ತೆ ಮೇಲೆ ಸರಿಯುತ್ತ ಜಪ ಮಾಡಿದರು. ಒಮ್ಮೆಯೂ ಗೊಣಗಲಿಲ್ಲ. ನೆಗೆಣ್ಣಿಯ ಕಣ್ಣು ಉಳಿದವು. ನಾವಿಬ್ಬರೂ ಕೆಳಗೆ ಸೆರಗು ಬಾಯಿಗೊತ್ತಿಕೊಂಡು ಎಷ್ಟು ನಕ್ಕಿದ್ದೇವೋ!

ಈಗ ಸೊಂಟನೋವು ನನ್ನ ಪಾಲಿಗೆ ಬಂದಿದೆ. ಹೋದ ವಾರ, ಜಾರುವುದು ತಾಳಲಾರದೆ, ಆ ಫರಸಿಯ ಕೆಳತುದಿಗೆ ಒಂದು ಇಟ್ಟಿಗೆ ಕೊಟ್ಟು ಸಮ ಮಾಡಿಕೊಂಡೆ. ನಿನ್ನೆ ಸಂಜೆಯೂ ಆರಾಮಾಗಿ ಕೂತೆ, ಕನ್ನಡಕದ ಡಬ್ಬಿ ಮರೆತೆ, ರಾತ್ರಿ ಮಳೆ ಬಂತು, ನೀರು ಹರಿಯದೆ ನಿಂತಿತು.

ಅತ್ತೆಯ ನೆನಪಾಗಿ ಇವತ್ತು ನಗು ಬರಲಿಲ್ಲ. ಆ ನೋವಿನಲ್ಲಿ ಅಷ್ಟು ವರ್ಷ ಹೇಗೆ ಜಾರುತ್ತ ಕೂತರೋ ನಮ್ಮವ್ವ. ಸೊಸೆಯನ್ನು ಕರೆದೆ. ಬಂದಳು, ಕಣ್ಣು ಕೆಂಪಗಿದ್ದವು. ಒಲೆ ಆರಿ ಹೊಗೆ ತುಂಬಿತ್ತಂತೆ.

"ಮ್ಯಾಲ ಫರಸಿ ಬುಡಕ ಒಂದು ಇಟ್ಟಂಗಿ ಐತಿ," ಎಂದೆ. "ತಗದು ಒಗಿ."