ಅಪ್ಪನ ಮಗ್ಗದ ಹತ್ತಿ

ಇವತ್ತು ಮೊಮ್ಮಗಳ ತುರಿಸುವ ತಲೆಗೆ ಮೊಸರಿನಲ್ಲಿ ನೆನೆಸಿದ ಮೆಂತ್ಯ ಅರೆದು ಹಚ್ಚಿದೆ. ಆ ವಾಸನೆ ನನ್ನನ್ನು ಮಗ್ಗಗಳ ಊರಾದ ಇಚಲಕರಂಜಿಯ ನಮ್ಮ ಹಿತ್ತಲಿಗೆ ಒಯ್ದಿತು.

ಅಪ್ಪ ಪಾವರ್‌ಲೂಮಿನಲ್ಲಿ ನೇಯುತ್ತಿದ್ದ. ಚಿಕ್ಕವಳಿದ್ದ ನಾನು ದಿನವೂ ಬುತ್ತಿ ಒಯ್ದು, ಅವನು ಉಣ್ಣುವವರೆಗೆ ಮಗ್ಗದ ಪಕ್ಕ ಕೂರುತ್ತಿದ್ದೆ. ಎಣ್ಣೆ ಹಚ್ಚಿದ ನನ್ನ ತಲೆಗೆ ಹತ್ತಿಯ ಧೂಳು ಮೆತ್ತಿ ಸದಾ ತುರಿಕೆ.

"ನಿಮ್ಮ ಹುಡುಗಿ ತಲ್ಯಾಗ ಹೇನ ಆಗ್ಯಾವ. ನಮ್ಮಾಕಿ ಜೋಡಿ ಆಡಾಕ ಕಳಸಬ್ಯಾಡ್ರಿ," ಎಂದರು ಪಕ್ಕದ ಮನೆಯ ಕಾಕು.

ಅವ್ವ ಅವರೆದುರಿಗೇ ತನ್ನ ಕೆಂಪು ಸೆರಗು ಹಾಸಿ ನನ್ನ ತಲೆ ಬಾಚಿದಳು. ಬಿದ್ದದ್ದು ಬರೀ ಬಿಳಿ ಎಳೆಗಳು.

"ನೋಡ್ರಿ, ಇದು ಹೇನಲ್ಲ. ನಮಗ ಅನ್ನ ಹಾಕೂ ಹತ್ತಿ."

ಆಮೇಲೆ ಹಿತ್ತಲಿನಲ್ಲಿ ಕೂರಿಸಿ, ಇದೇ ಮೊಸರು-ಮೆಂತ್ಯ ಹಚ್ಚಿ, ಅಂಟುವಾಳದ ನೊರೆಯಲ್ಲಿ ತಲೆ ತೊಳೆದಳು. ಮರುದಿನ ಬುತ್ತಿಯ ಜೊತೆ ತಲೆಗೊಂದು ವಸ್ತ್ರವನ್ನೂ ಕಟ್ಟಿ ಕಳಿಸಿದಳು.

ಈಗ ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ. ಬಣ್ಣ ಹಚ್ಚಿಕೋ ಎನ್ನುತ್ತಾಳೆ ಮಗಳು. ಕನ್ನಡಿಯಲ್ಲಿ ಅಪ್ಪನ ಮಗ್ಗದ ಹತ್ತಿಯೇ ಕೂತಂತೆ ಕಾಣುತ್ತದೆ. ನಾನು ಹಚ್ಚುವುದಿಲ್ಲ.