ಶಾಂತವೀರಪ್ಪನ ಮೋಟಾರು ಹಲಗೆ

ಶಾಂತವೀರಪ್ಪನ ಕೈ ಸುಮ್ಮನಿದ್ದದ್ದನ್ನು ಹನುಮಂತನಗರದಲ್ಲಿ ಕಂಡವರಿಲ್ಲ. ಗಿರಣಿಯಲ್ಲಿ ಮೋಟಾರು ರಿಪೇರಿ ಮಾಡಿಕೊಂಡಿದ್ದ ಪುಣ್ಯಾತ್ಮ, ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ರೈತರ ಮಕ್ಕಳಿಗೆ ಪಂಪ್‌ಸೆಟ್ ಕಲಿಸುವ ಶಾಲೆಗೆ ಮೇಷ್ಟ್ರಾದ. ಪುಸ್ತಕ ಹಿಡಿದು ಪಾಠ ಹೇಳುವುದು ಆತನ ಕೈಲಾಗದು. ತೇಗದ ಹಲಗೆಯ ಮೇಲೆ ಫ್ಯೂಸು, ಸ್ಟಾರ್ಟರು, ಪುಟ್ಟ ಮೋಟಾರು ಕೂರಿಸಿ, "ಮುಟ್ಟಿ ಕಲೀರಪ್ಪ, ನೋಡಿದ್ರೆ ಹೊಟ್ಟೆ ತುಂಬಲ್ಲ" ಎನ್ನುತ್ತಿದ್ದ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಮೋಟಾರು ಓಡುವುದು, ಕೆಂಪು ಒತ್ತಿದರೆ ನಿಲ್ಲುವುದು.

ಹೆಂಡತಿ ನೀಲಗಂಗಮ್ಮನ ತಮ್ಮ ಗಂಗಾಧರಯ್ಯನಿಗೆ ಕತ್ರಿಗುಪ್ಪೆಯಲ್ಲಿ ತರಕಾರಿ ತೋಟ. ಅವನ ಬಾವಿಗೂ ಕರೆಂಟು ಬರುತ್ತದೆಂದಾಗ ನೀಲಗಂಗಮ್ಮ ಹೆದರಿದಳು.

"ಅವನು ದುಡುಕ. ಕರೆಂಟಿನ ಸಹವಾಸ ಬೇಡ ಕಣ್ರೀ."

"ಊರಿಗೆಲ್ಲ ಕಲಿಸೋನು ನಿನ್ನ ತಮ್ಮನಿಗೆ ಕಲಿಸ್ದೆ ಇರ್ತೀನಾ? ಅವನ ಜವಾಬ್ದಾರಿ ನಂದು, ಬಿಡೇ."

ಆ ಆಯುಧಪೂಜೆಗೆ ಇಬ್ಬರನ್ನೂ ಶಾಲೆಗೆ ಕರೆಸಿಕೊಂಡ. ಪೂಜೆ ಎಂದಮೇಲೆ ಒರೆಸಿದರೆ ಸಾಕೇ, ತೊಳೆಯಬೇಡವೇ? ಯಾರೂ ಬರುವ ಮೊದಲೇ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಆಮೇಲೆ ಎಲ್ಲರೆದುರು, ನೇಗಿಲಿಗೆ ಎರೆದಂತೆಯೇ ಸ್ಟಾರ್ಟರಿಗೂ ಒಂದು ಚೊಂಬು ನೀರೆರೆದ. ವಿಭೂತಿ ಹಚ್ಚಿ, ಹೂ ಮುಡಿಸಿ, ಬಿಸಿಲಿಗೆ ಒಣಗಿಸಿ, ಯಾರ ಗಮನವೂ ಇಲ್ಲದಾಗ ಫ್ಯೂಸು ಸಿಕ್ಕಿಸಿ, ಮತ್ತೆ ಹಸಿರು ಗುಂಡಿ ಒತ್ತಿದರೆ ಮೋಟಾರು ಗುಂಯ್ ಎಂದಿತು.

"ಗಟ್ಟಿ ಮಾಲು ಬಿಡಿ ಭಾವ!" ಎಂದು ಗಂಗಾಧರಯ್ಯ ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಯಾರಿಗೆ ಬೇಡ ಹೇಳಿ! ಆ ಸಂಭ್ರಮದಲ್ಲಿ ಫ್ಯೂಸು ಕಿತ್ತದ್ದನ್ನು ಬಾಮೈದನಿಗೆ ಹೇಳುವುದೇ ಮರೆತುಹೋಯಿತು. ಅವನನ್ನು ಕೂರಿಸಿಕೊಂಡು ಕಲಿಸುವುದೂ ಇವತ್ತು ನಾಳೆ ಎಂದು ಮುಂದೆ ಹೋಯಿತು. ದೀಪದ ಬುಡದಲ್ಲೇ ಕತ್ತಲು.

ಮರುವರ್ಷದ ಆಯುಧಪೂಜೆಯ ದಿನ ಗಂಗಾಧರಯ್ಯ ಸ್ನಾನ ಮಾಡಿ, ತನ್ನ ಪಂಪ್‌ಮನೆಗೆ ಹೋಗಿ ಕೆಂಪು ಗುಂಡಿ ಒತ್ತಿದ. ಮೋಟಾರು ನಿಂತಿತು. ಆದರೆ ಮೋಟಾರು ನಿಂತರೂ ಫ್ಯೂಸು ಕೀಳುವವರೆಗೆ ಸ್ಟಾರ್ಟರಿನೊಳಗೆ ಕರೆಂಟು ಇದ್ದೇ ಇರುತ್ತದೆ. ಅದು ತಿಳಿಯದ ಜೀವ, ಒದ್ದೆ ಕೈಯಲ್ಲಿ ಚೊಂಬೆತ್ತಿ ನೀರು ಸುರಿದ. ಅಯ್ಯೋ, ಹೂ ತರಲು ಹೋಗಿದ್ದ ಅವನ ಹೆಂಡತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ನೀಲಗಂಗಮ್ಮ ಜಗಲಿಯ ಮೇಲೆ ಕೂತಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ನೀವು ಎರೆದಾಗ ಏನೂ ಆಗ್ಲಿಲ್ವಲ್ರೀ. ನಾನೇ ಕಣ್ಣಾರೆ ನೋಡಿದೀನಿ. ನನ್ನ ತಮ್ಮ ಏನು ತಪ್ಪು ಮಾಡ್ದ?"

ಶಾಂತವೀರಪ್ಪ ಸುಳ್ಳು ಹೇಳಬಹುದಿತ್ತು, ಮನಸ್ಸು ಬರಲಿಲ್ಲ.

"ನಾನು ಮೊದಲೇ ಫ್ಯೂಸು ಕಿತ್ತಿದ್ದೆ ಕಣೇ."

"ಅವನಿಗೆ ಹೇಳಿದ್ರಾ?"

"ಇಲ್ಲ."

ನೀಲಗಂಗಮ್ಮ ಎದ್ದು ಒಳಗೆ ಹೋದಳು. ಆಮೇಲೂ ಹೊತ್ತು ಹೊತ್ತಿಗೆ ಬಡಿಸಿದಳು, ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟಳು. ಸಾಯುವವರೆಗೂ ಆತನನ್ನು "ರೀ" ಎಂದು ಮಾತ್ರ ಕರೆಯಲಿಲ್ಲ.